ಕುಕ್ಕೋದು ಬೇರೆ, ಪುಟಿಯೋದು ಬೇರೆ

ಬೈಕ್ ರಿವ್ಯೂ ನೋಡೋ ಚಟ ಇರೋರಿಗೆಲ್ಲ ಈ ವಾಕ್ಯ ಬಾಯಿಪಾಠ ಆಗಿರುತ್ತೆ: ‘ಸಸ್ಪೆನ್ಷನ್ ಸ್ವಲ್ಪ ಸ್ಟಿಫ್ ಸೈಡಲ್ಲಿದೆ, ಆದ್ರೆ ಹೈವೇಲಿ ಸ್ಟೇಬಲ್ ಆಗಿರುತ್ತೆ.’ ಬೇರೆ ಗಾಡಿಯಾದರೆ ಇದೇ ಮಾತು ಉಲ್ಟಾ: ‘ಪ್ಲಶ್ ಆಗಿದೆ, ಗುಂಡಿ ಬಂದದ್ದೇ ಗೊತ್ತಾಗಲ್ಲ.’ ಅಲ್ಲಿಗೆ ಮುಗೀತು. ಎಂಜಿನ್ನಿಗೆ ಹತ್ತು ನಿಮಿಷ, ಡಿಸ್‌ಪ್ಲೇಗೆ ಐದು ನಿಮಿಷ, ಸೈಲೆನ್ಸರ್ ಸೌಂಡಿಗೆ ಪ್ರತ್ಯೇಕ ಮೈಕ್. ಚಕ್ರವನ್ನ ನೆಲಕ್ಕೆ ಅಂಟಿಸಿ ಹಿಡಿಯೋ ಭಾಗಕ್ಕೆ ಮಾತ್ರ ಎರಡೇ ಪದ.

ಎರಡೇ ಪದ ಅನ್ನೋದು ನನ್ನ ತಕರಾರಲ್ಲ. ಆ ಪದಗಳು ಏನನ್ನೂ ಹೇಳಲ್ಲ ಅನ್ನೋದು ತಕರಾರು. ಡಾಕ್ಟರ ಹತ್ತಿರ ಹೋಗಿ ‘ಹೊಟ್ಟೇಲಿ ಏನೋ ಆಗ್ತಿದೆ’ ಅಂದ ಹಾಗೆ. ಹಸಿವೋ, ಉರಿಯೋ, ನೋವೋ ಅಂತ ಅವರು ಕೇಳ್ತಾರೆ. ಗ್ಯಾರೇಜಲ್ಲಿ ಹಾಗೆ ಕೇಳೋರು ಕಡಿಮೆ. ‘ಅಣ್ಣಾ, ಹಿಂದೆ ತುಂಬಾ ಗಟ್ಟಿ ಹೊಡೀತಿದೆ’ ಅಂದರೆ, ‘ಆಯ್ತು ಸಾರ್, ಲೂಸ್ ಮಾಡ್ಕೊಡ್ತೀನಿ’ ಅಂತ ಸ್ಪ್ಯಾನರ್ ಹಾಕಿ ಶಾಕ್ ಅಬ್ಸಾರ್ಬರಿನ ರಿಂಗನ್ನ ಎರಡು ಹಲ್ಲು ಕೆಳಗಿಳಿಸ್ತಾರೆ. ಆದರೆ ಗಾಡಿ ಗಟ್ಟಿಯಾಗಿ ಹೊಡೀತಿದ್ದದ್ದು ಸ್ಪ್ರಿಂಗ್ ಮೆತ್ತಗಿದ್ದ ಕಾರಣಕ್ಕೆ, ಪ್ರತಿ ಹಂಪಿಗೂ ಪೂರ್ತಿ ಕುಸಿದು ಕೊನೆಯ ರಬ್ಬರಿಗೆ ಬಡೀತಿದ್ದ ಕಾರಣಕ್ಕೆ ಆಗಿದ್ದರೆ? ಈಗ ಇನ್ನೂ ಬೇಗ ಬಡಿಯುತ್ತೆ. ರೋಗಕ್ಕೆ ತಪ್ಪು ಹೆಸರು ಕೊಟ್ಟದ್ದಕ್ಕೆ ತಪ್ಪು ಔಷಧಿ ಸಿಕ್ಕಿತು.

ಮಜಾ ಏನಂದ್ರೆ, ಇದಕ್ಕೆ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಮೊದಲೇ ಇವೆ. ಕೆಂಪು ಬಸ್ಸಿನ ಕೊನೇ ಸೀಟಲ್ಲಿ ಕೂತು ಊರಿಗೆ ಹೋದ ಯಾರನ್ನಾದರೂ ಕೇಳಿ. ಬಸ್ಸು ಎತ್ತಿ ಕುಕ್ಕುತ್ತೆ, ಕುಲುಕಾಡುತ್ತೆ, ಅದುರುತ್ತೆ, ಬಡಿಯುತ್ತೆ, ತೂಗಾಡುತ್ತೆ, ಒಂದು ಕಡೆ ಕುಸಿದಿರುತ್ತೆ. ಒಂದೊಂದೂ ಬೇರೆ ಅನುಭವ, ಒಂದೊಂದಕ್ಕೂ ಬೇರೆ ಕಾರಣ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಈ ವ್ಯತ್ಯಾಸವನ್ನ, ಮೂರು ಲಕ್ಷದ ಬೈಕಿನ ಬಗ್ಗೆ ಮಾತಾಡುವಾಗ ನಾವು ‘ಸ್ಟಿಫ್’ ಅನ್ನೋ ಒಂದೇ ಡಬ್ಬಿಗೆ ತುಂಬ್ತೀವಿ.

ಡಬ್ಬಿಯಿಂದ ಒಂದೊಂದನ್ನೇ ಹೊರಗೆ ತೆಗೆಯೋಣ. ಮೊದಲು ಸಸ್ಪೆನ್ಷನ್ ಅಂದರೆ ಎರಡು ಕೆಲಸ ಅನ್ನೋದು ನೆನಪಿರಲಿ. ಸ್ಪ್ರಿಂಗ್ ಏಟನ್ನ ಒಳಗೆ ಇಟ್ಕೊಳ್ಳುತ್ತೆ. ಇಟ್ಕೊಂಡದ್ದನ್ನ ವಾಪಸ್ ಕೊಟ್ಟೇ ಕೊಡುತ್ತೆ, ಅದರ ಸ್ವಭಾವ ಅದು. ವಾಪಸ್ ಬರೋ ಆ ಶಕ್ತಿಯನ್ನ ಕರಗಿಸೋದು ಎಣ್ಣೆ. ಸಣ್ಣ ತೂತುಗಳಲ್ಲಿ ಎಣ್ಣೆ ಹಿಂಡಿಕೊಂಡು ಹೋಗುವಾಗ ಏಟು ಬಿಸಿಯಾಗಿ ಕಳೆದುಹೋಗುತ್ತೆ. ಇದೇ ಡ್ಯಾಂಪಿಂಗ್. ಮಾರಾಟಕ್ಕೆ ಬಂದ ಬೈಕುಗಳಲ್ಲಿ ಎಣ್ಣೆಯ ಡ್ಯಾಂಪಿಂಗ್ ಇರೋ ಟೆಲಿಸ್ಕೋಪಿಕ್ ಫೋರ್ಕ್ ಮೊದಲು ಕಾಣಿಸಿದ್ದು 1935ರ ಬಿಎಂಡಬ್ಲ್ಯು ಆರ್ 12 ಕಾಲದಲ್ಲಿ. ಅಂದರೆ ಈ ತಿಳಿವಳಿಕೆಗೆ ತೊಂಬತ್ತು ವರ್ಷ. ಆದರೂ ನಮ್ಮ ಮಾತೆಲ್ಲ ಸ್ಪ್ರಿಂಗಿನ ಗಟ್ಟಿ-ಮೆತ್ತಗಿನ ಸುತ್ತಲೇ ತಿರುಗುತ್ತೆ. ಎಣ್ಣೆಯ ವಿಚಾರ ಯಾರೂ ಎತ್ತಲ್ಲ.

ಈಗ ಪದಗಳು. ಹಂಪ್ ದಾಟಿದ ಮೇಲೆ ಗಾಡಿ ಎರಡನೇ ಸಲ, ಮೂರನೇ ಸಲ ಎದ್ದರೆ ಅದು *ಪುಟಿಯೋದು*. ಸ್ಪ್ರಿಂಗ್ ವಾಪಸ್ ಕೊಡ್ತಿದೆ, ತಡೆಯೋಕೆ ಎಣ್ಣೆ ಇಲ್ಲ ಅಥವಾ ಇದ್ದರೂ ಸತ್ತಿದೆ. ಇದಕ್ಕೆ ರಿಬೌಂಡ್ ಡ್ಯಾಂಪಿಂಗ್ ಕಡಿಮೆ ಅಂತಾರೆ. ಹೈವೇಲಿ ಇದೇ ಗುಣ *ತೇಲಿದ ಹಾಗೆ* ಅನ್ನಿಸುತ್ತೆ. ನೇರ ರಸ್ತೇಲಿ ಸುಖ. ತಿರುವಲ್ಲಿ ಭಯ.

ಚೂಪಾದ ಅಂಚಿಗೆ ಚಕ್ರ ತಾಗಿದ ತಕ್ಷಣ ಏಟು ಸೀದಾ ಬೆನ್ನಿಗೆ ಬಂದರೆ ಅದು *ಕುಕ್ಕೋದು*. ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹೆಚ್ಚು ಗಟ್ಟಿ, ಇಲ್ಲ ಎಣ್ಣೆ ಅಷ್ಟು ವೇಗವಾಗಿ ಜಾಗ ಬಿಡ್ತಿಲ್ಲ. ಮೊದಲು ಮೆತ್ತಗೆ ಹೋಗಿ, ಕೊನೇಲಿ ‘ಧಡ್’ ಅಂತ ಲೋಹದ ಸದ್ದು ಬಂದರೆ ಅದು *ಬಡಿಯೋದು*, ಅಂದರೆ ಕುಸಿಯೋಕೆ ಇದ್ದ ಜಾಗವೇ ಮುಗಿದಿದೆ. ಇದು ಕುಕ್ಕೋದರ ಪೂರ್ತಿ ಉಲ್ಟಾ, ಆದರೆ ಬೆನ್ನಿಗೆ ಎರಡೂ ಒಂದೇ ಥರ ನೋವು. ನಯವಾದ ರಸ್ತೇಲೂ ಸಣ್ಣಗೆ ಜುಮುಜುಮು ಅಂದರೆ ಅದು *ಅದುರೋದು*. ಬಹಳ ಸಲ ಇದಕ್ಕೂ ಸಸ್ಪೆನ್ಷನ್ನಿಗೂ ಸಂಬಂಧವೇ ಇಲ್ಲ. ಬಂಕಲ್ಲಿ ಅಂದಾಜಿಗೆ ಹೊಡೆದ ಗಾಳಿ ಹೆಚ್ಚಾಗಿರುತ್ತೆ, ಇಲ್ಲ ಧೂಳು ಕುಡಿದ ಫೋರ್ಕ್ ಸೀಲು ಟ್ಯೂಬನ್ನ ಬಿಗಿಯಾಗಿ ಹಿಡಿದಿರುತ್ತೆ.

ಐದನೆಯದು ಎಲ್ಲಕ್ಕಿಂತ ಮೋಸದ್ದು. ಹೈವೇಲಿ ಜಂಕ್ಷನ್ ಮುಂಚೆ ಸಾಲಾಗಿ ದಪ್ಪ ಬಿಳಿ ಪಟ್ಟಿ ಹಾಕಿರ್ತಾರಲ್ಲ, ಅದರ ಮೇಲೆ ಹೋಗಿ. ಮೊದಲ ಪಟ್ಟಿ ಗೊತ್ತೇ ಆಗಲ್ಲ, ಎರಡನೆಯದು ಪರವಾಗಿಲ್ಲ, ನಾಲ್ಕನೆಯದು ಕೈಗೆ ಹೊಡೆಯುತ್ತೆ. ಪಟ್ಟಿಗಳೆಲ್ಲ ಒಂದೇ ದಪ್ಪ, ಬದಲಾದದ್ದು ಗಾಡಿ. ರಿಬೌಂಡ್ ಡ್ಯಾಂಪಿಂಗ್ ಹೆಚ್ಚಾಗಿ, ಒಂದು ಏಟಿಂದ ಎದ್ದು ನಿಲ್ಲೋದರೊಳಗೆ ಮುಂದಿನ ಏಟು ಬಿದ್ದು, ಸಸ್ಪೆನ್ಷನ್ *ಕುಗ್ಗುತ್ತಾ ಹೋಗಿದೆ*. ಇದನ್ನೂ ‘ಸ್ಟಿಫ್’ ಅಂತಾನೇ ಕರೀತಾರೆ. ಸ್ಪ್ರಿಂಗ್ ಬದಲಾಯಿಸಿದರೂ ಇದು ಹೋಗಲ್ಲ.

ಐದು ತೊಂದರೆ, ಐದು ಬೇರೆ ಬೇರೆ ಪರಿಹಾರ, ಹೆಸರು ಮಾತ್ರ ಒಂದು. ಇಷ್ಟಕ್ಕೇ ನಿಲ್ಲಲ್ಲ. ಒಂದೇ ಫೋರ್ಕು ಒಂದೇ ದಿನ ಮೆತ್ತಗೂ ಇರಬಹುದು, ಗಟ್ಟಿಯಾಗೂ ಇರಬಹುದು. ಕಡಿಮೆ ಬೆಲೆಯ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಹೋಗುತ್ತೆ, ಅದೇ ಗಾಡಿ ಗುಂಡಿಗೆ ಬಿದ್ದರೆ ಮಣಿಕಟ್ಟು ಮುರಿಯೋ ಹಾಗೆ ಹೊಡೆಯುತ್ತೆ. ರಿವ್ಯೂ ಮಾಡೋರು ಇದರಲ್ಲಿ ಒಂದನ್ನ ಗಮನಿಸಿ ‘ಸಾಫ್ಟ್’ ಅಂತಾರೆ, ಇನ್ನೊಬ್ಬರು ಮತ್ತೊಂದನ್ನ ಗಮನಿಸಿ ‘ಸ್ಟಿಫ್’ ಅಂತಾರೆ, ಕೆಳಗೆ ಜನ ಜಗಳ ಆಡ್ತಾರೆ. ಇಬ್ಬರೂ ಸರಿ.

ಹೇಗೆ ಅಂತ ನೋಡೋಕೆ ಒಂದು ಲೆಕ್ಕ ಮಾಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ರಸ್ತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಗಂಟೆಗೆ 25 ಕಿಲೋಮೀಟರಲ್ಲಿ ಆರಾಮಾಗಿ ದಾಟೋ ಹಾಗೆ. ಆ ವೇಗದಲ್ಲಿ ಅದನ್ನ ದಾಟೋಕೆ ಚಕ್ರಕ್ಕೆ ಸುಮಾರು ಅರ್ಧ ಸೆಕೆಂಡ್ ಸಿಗುತ್ತೆ. ಈಗ ನಮ್ಮ ಬಡಾವಣೆಯ ಹಂಪ್ ತಗೊಳ್ಳಿ. ರಾತ್ರೋರಾತ್ರಿ ಯಾರೋ ಟಾರ್ ಸುರಿದು ಮಾಡಿದ್ದು, ಎತ್ತರ ಅಷ್ಟೇ, ಅಗಲ ಎರಡಡಿ. ಅದೇ ವೇಗದಲ್ಲಿ ಸಿಗೋ ಸಮಯ ಸೆಕೆಂಡಿನ ಹನ್ನೊಂದನೇ ಒಂದು ಭಾಗಕ್ಕೂ ತುಸು ಕಮ್ಮಿ. ಅಂದರೆ ಚಕ್ರ ಆರು ಪಟ್ಟು ವೇಗವಾಗಿ ಮೇಲೇಳಬೇಕು. ಹಳೇ ಮಾದರಿಯ ಸರಳ ಫೋರ್ಕಲ್ಲಿ ಎಣ್ಣೆ ಹೋಗೋ ತೂತಿನ ಅಳತೆ ಬದಲಾಗಲ್ಲ. ಅಂಥ ತೂತಲ್ಲಿ ವೇಗ ಎರಡರಷ್ಟಾದರೆ ತಡೆ ಹತ್ತಿರ ಹತ್ತಿರ ನಾಲ್ಕರಷ್ಟು, ಆರರಷ್ಟಾದರೆ ಮೂವತ್ತಾರರಷ್ಟು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನಕ್ಕೆ ಇಳಿಯುತ್ತೆ, ಆಗ ತಡೆ ಇಲ್ಲವೇ ಇಲ್ಲ ಅನ್ನಿಸುತ್ತೆ. ಎರಡಡಿ ಹಂಪಿಗೆ ಅದೇ ಎಣ್ಣೆ ಗೋಡೆ ಥರ ನಿಲ್ಲುತ್ತೆ.

ಒಳ್ಳೆ ಸಸ್ಪೆನ್ಷನ್ನಿಗೆ ದುಡ್ಡು ಹೋಗೋದು ಮುಖ್ಯವಾಗಿ ಇಲ್ಲಿ. ತೂತಿನ ಬದಲು ತೆಳು ಉಕ್ಕಿನ ಬಿಲ್ಲೆಗಳ ಕವಾಟ ಇಟ್ಟು, ನಿಧಾನದ ಚಲನೆಗೆ ತಡೆ ಕೊಡೋ ಹಾಗೆ, ಜೋರಿನ ಏಟಿಗೆ ಬಿಲ್ಲೆ ಬಾಗಿ ದಾರಿ ಬಿಡೋ ಹಾಗೆ ಮಾಡ್ತಾರೆ. ಇದು ಹೊರಗಿನಿಂದ ಕಾಣಲ್ಲ. ಕಾಣಲ್ಲ ಅನ್ನೋ ಕಾರಣಕ್ಕೇ ಬ್ರೋಷರಲ್ಲಿ ಇದರ ಬದಲು ಬೇರೆ ಏನೇನೋ ಇರುತ್ತೆ.

ಉದಾಹರಣೆಗೆ ಬಣ್ಣ. ಬಂಗಾರದ ಬಣ್ಣದ ಫೋರ್ಕ್ ನೋಡಿದರೆ ಸ್ವೀಡನ್ನಿನ ಓಲಿನ್ಸ್ ನೆನಪಾಗುತ್ತೆ, ರೇಸ್ ನೆನಪಾಗುತ್ತೆ. ಬಣ್ಣಕ್ಕೂ ಒಳಗಿನ ಕವಾಟಕ್ಕೂ ಏನೂ ನೆಂಟಸ್ತನ ಇಲ್ಲ. ಯುಎಸ್‌ಡಿ, ಅಂದರೆ ತಲೆಕೆಳಗಾದ ಫೋರ್ಕ್, ಹೆಚ್ಚು ಬಿಗಿ ನಿಜ. ಜೋರಾಗಿ ಬ್ರೇಕ್ ಹಿಡಿದಾಗ ಕಮ್ಮಿ ಬಾಗುತ್ತೆ. ಆದರೆ ಹಂಪಿನ ಮೇಲೆ ಹೇಗಿರುತ್ತೆ ಅನ್ನೋದನ್ನ ಅದು ಹೇಳಲ್ಲ. ಮೊನೋಶಾಕ್ ಕೂಡ ಹಾಗೇ. 1973ರಲ್ಲಿ ಯಮಹಾದ ಮೋಟೋಕ್ರಾಸ್ ಗಾಡಿ ಇಂಥ ಒಂಟಿ ಶಾಕ್ ಹಾಕ್ಕೊಂಡು 250 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದು ನಿಜ. 2008ರಲ್ಲಿ ಎಫ್‌ಜೆಡ್ ಮತ್ತು ಆರ್15 ಬಂದ ಮೇಲೆ ನಮ್ಮಲ್ಲಿ ಮೊನೋಶಾಕ್ ಅನ್ನೋದು ಅಂತಸ್ತಿನ ಪದ ಆಯ್ತು. ಎರಡು ಶಾಕ್ ಇರೋ ಗಾಡಿ ಹಳೇದು, ಒಂದಿರೋದು ಹೊಸದು. ಸರಿಯಾಗಿ ಹೊಂದಿಸಿದ ಜೋಡಿ ಶಾಕು ಕಾಟಾಚಾರದ ಮೊನೋಶಾಕಿಗಿಂತ ಎಷ್ಟೋ ಮೇಲು ಅನ್ನೋದು ಆ ಲೆಕ್ಕದಲ್ಲಿ ಬರಲ್ಲ.

ಇನ್ನು ಟ್ರಾವೆಲ್. ಅಂದರೆ ಚಕ್ರ ಎಷ್ಟು ಮಿಲಿಮೀಟರ್ ಮೇಲೆ ಕೆಳಗೆ ಓಡಾಡಬಹುದು ಅನ್ನೋ ಅಂಕಿ. ಹೆಚ್ಚಿದ್ದಷ್ಟೂ ಮೆತ್ತಗೆ ಅಂತ ನಂಬಿದೀವಿ. 2013ರ ಕೆಟಿಎಂ 390 ಡ್ಯೂಕಿನ ಮುಂದಿನ ಟ್ರಾವೆಲ್ 150 ಮಿಲಿಮೀಟರ್. 2021ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 130. ಎರಡನ್ನೂ ಒಂದೇ ರಸ್ತೇಲಿ ಓಡಿಸಿದೋರನ್ನ ಯಾವುದು ಮೆತ್ತಗೆ ಅಂತ ಕೇಳಿ, ಉತ್ತರ ಅಂಕಿಗೆ ವಿರುದ್ಧ ಬರುತ್ತೆ. ಟ್ರಾವೆಲ್ ಹೇಳೋದು ಎಷ್ಟು ಜಾಗ ಇದೆ ಅನ್ನೋದನ್ನ. ಆ ಜಾಗವನ್ನ ಗಾಡಿ ಹೇಗೆ ಖರ್ಚು ಮಾಡುತ್ತೆ ಅನ್ನೋದು ಬೇರೆ ವಿಷಯ.

ಎನ್‌ಫೀಲ್ಡ್ ಮಾತು ಬಂದದ್ದಕ್ಕೆ ಹೇಳ್ತೀನಿ. ‘ಬುಲೆಟ್ ಮೇಲೆ ಕೂತರೆ ಸಿಂಹಾಸನ’ ಅನ್ನೋದು ಪೂರ್ತಿ ಭಕ್ತಿಯ ಮಾತಲ್ಲ, ಅದರಲ್ಲಿ ಭೌತಶಾಸ್ತ್ರ ಇದೆ. ಸ್ಪ್ಲೆಂಡರ್ ಪ್ಲಸ್ 112 ಕಿಲೋ, ಈಗಿನ ಬುಲೆಟ್ 350 195 ಕಿಲೋ. ಏಟು ತಿನ್ನೋದು ಚಕ್ರ, ಆ ಏಟಿಗೆ ಅಲ್ಲಾಡಬೇಕಾದ್ದು ಮೇಲಿನ ಭಾರ. ಚಕ್ರಕ್ಕೆ ಹೋಲಿಸಿದರೆ ಮೇಲಿನ ಭಾರ ಹೆಚ್ಚಿದ್ದಷ್ಟೂ ಅದು ಕಮ್ಮಿ ಅಲ್ಲಾಡುತ್ತೆ. ಅಂದರೆ ಆ ಸುಖದಲ್ಲಿ ಶಾಕ್ ಅಬ್ಸಾರ್ಬರಿನ ಪಾಲು ಎಷ್ಟು, ಬರೀ ತೂಕದ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ವಿಮರ್ಶಕನ ಕೆಲಸ. ಬೇರೆ ಬೇರೆ ತೂಕದ ಗಾಡಿಗಳನ್ನ ಪಕ್ಕ ಪಕ್ಕ ನಿಲ್ಲಿಸಿ ‘ಇದು ಹೆಚ್ಚು ಕಂಫರ್ಟು’ ಅಂದುಬಿಟ್ಟರೆ ತಕ್ಕಡಿಯನ್ನ ಹೊಗಳಿದ ಹಾಗಾಯ್ತು.

ರಿವ್ಯೂಗಳಲ್ಲಿ ಇನ್ನೊಂದು ಕೊರತೆ ಇದೆ. ಹೆಚ್ಚಿನವರು ತಮ್ಮ ತೂಕ ಹೇಳಲ್ಲ. ಟೈರಿಗೆ ಎಷ್ಟು ಗಾಳಿ ಇತ್ತು, ಹಿಂದಿನ ಶಾಕ್ ಎಷ್ಟನೇ ಹಲ್ಲಿನಲ್ಲಿತ್ತು ಅಂತಾನೂ ಹೇಳಲ್ಲ. ಐವತ್ತೈದು ಕಿಲೋದವರಿಗೆ ಕುಕ್ಕೋ ಗಾಡಿ ತೊಂಬತ್ತು ಕಿಲೋದವರಿಗೆ ಹದವಾಗಿರುತ್ತೆ. ನಮ್ಮಲ್ಲಂತೂ ಇದು ಇನ್ನೂ ಮುಖ್ಯ. ಸೋಮವಾರ ಒಬ್ಬರೇ ಆಫೀಸಿಗೆ ಹೋದ ಗಾಡಿ ಭಾನುವಾರ ಹೆಂಡತಿ, ಮಗು, ತರಕಾರಿ ಚೀಲ ಎಲ್ಲ ಹೊರುತ್ತೆ. ಕಂಪನಿ ಈ ಎರಡರ ಮಧ್ಯೆ ಎಲ್ಲೋ ಸ್ಪ್ರಿಂಗ್ ಹೊಂದಿಸಿರುತ್ತೆ. ಲಾಂಚ್ ದಿನ ಕೆಲವೇ ಗಂಟೆ ಗಾಡಿ ಸಿಗೋದು, ಅದೂ ನಯವಾದ ರಸ್ತೇಲಿ ಅನ್ನೋದು ಒಪ್ಪೋ ಮಾತೇ. ಆದರೆ ತಮ್ಮ ತೂಕ ಹೇಳೋಕೆ ಮೂರು ಸೆಕೆಂಡು ಸಾಕು.

ಇಷ್ಟೆಲ್ಲ ಬೈದ ಮೇಲೆ, ಸರಿಯಾಗಿ ಹೊಂದಿಸಿದ ಸಸ್ಪೆನ್ಷನ್ ಹೇಗನ್ನಿಸಬೇಕು ಅಂತ ಹೇಳದೆ ಹೋದರೆ ಅನ್ಯಾಯ.

ಅದು ರಸ್ತೆಯನ್ನ ಮುಚ್ಚಿಡಲ್ಲ. ‘ಗುಂಡಿ ಗೊತ್ತೇ ಆಗಲ್ಲ’ ಅನ್ನೋದು ಹೊಗಳಿಕೆಯಲ್ಲ, ಗೊತ್ತಾಗಬೇಕು. ಒಂದು ಸಲ ಗೊತ್ತಾಗಿ ಸುಮ್ಮನಾಗಬೇಕು. ಚಕ್ರ ಏರಿತು, ಇಳೀತು, ಗಾಡಿ ತನ್ನ ಎತ್ತರಕ್ಕೆ ಬಂದು ನಿಂತಿತು. ಎರಡನೇ ಸಲ ಎದ್ದು ಸಮಾಚಾರ ಹೇಳಬಾರದು. ಕೈಗೆ ರಸ್ತೆಯ ತರಿ ಸಿಗುತ್ತೆ, ಏಟು ಸಿಗಲ್ಲ. ಬ್ರೇಕ್ ಹಿಡಿದರೆ ಮೂತಿ ಇಳಿಯುತ್ತೆ, ಇಳೀಲೇಬೇಕು. ಸ್ವಲ್ಪ ಇಳಿದಾಗ ಹ್ಯಾಂಡಲಿನ ಕೋನ ಕಡಿದಾಗಿ ಗಾಡಿ ತಿರುವಿಗೆ ಬೇಗ ಒಲಿಯುತ್ತೆ. ಆದರೆ ನಿಮ್ಮ ಬೆರಳಿನ ಜೊತೆಜೊತೆಗೆ ಇಳಿಯಬೇಕು, ಹಳ್ಳಕ್ಕೆ ಬಿದ್ದ ಹಾಗಲ್ಲ. ಆಗುಂಬೆ ಥರದ ಘಾಟಿಯಲ್ಲಿ ತಿರುವಿನ ಮಧ್ಯೆ ತೇಪೆ ಹಾಕಿದ ಟಾರ್ ಸಿಕ್ಕಿದರೆ, ಚಕ್ರ ಅದರ ಮೇಲೆ ಹತ್ತಿಳಿದರೂ ನೀವು ಹಿಡಿದ ಗೆರೆ ಹಾಗೇ ಉಳಿಯಬೇಕು. ಅಲ್ಲಿ ಹಿಂಭಾಗ ಕುಸಿದರೆ ಮುಂಭಾಗ ಹಗುರಾಗಿ ಗಾಡಿ ಹೊರಗೆ ಜಾರಿಕೊಂಡು ಹೋಗುತ್ತೆ. ನೀವು ‘ನನಗೆ ಕಾರ್ನರಿಂಗ್ ಬರಲ್ಲ’ ಅಂದ್ಕೋತೀರಿ. ಎಷ್ಟೋ ಸಲ ಬರದೇ ಇರೋದು ಗಾಡಿಗೆ.

ಇದರಲ್ಲಿ ಸುಖಕ್ಕಿಂತ ದೊಡ್ಡ ವಿಷಯ ಒಂದಿದೆ. ಟೈರ್ ನೆಲ ಮುಟ್ಟದೆ ಇದ್ದರೆ ಬ್ರೇಕ್ ಇಲ್ಲ. ಗಂಟೆಗೆ 40 ಕಿಲೋಮೀಟರಲ್ಲಿ ಚಕ್ರ ಸೆಕೆಂಡಿನ ಹತ್ತನೇ ಒಂದು ಭಾಗ ಗಾಳಿಯಲ್ಲಿದ್ದರೆ, ಒಂದು ಮೀಟರಿಗಿಂತ ಹೆಚ್ಚು ದೂರ ಆ ಚಕ್ರದ ಬ್ರೇಕು ಲೆಕ್ಕಕ್ಕಿಲ್ಲ. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯ್ತು, ಒಳ್ಳೇದೇ. ಆದರೆ ಕಿತ್ತುಹೋದ ರಸ್ತೇಲಿ ಚಕ್ರ ಪುಟಿದಾಗ ಎಬಿಎಸ್ ಅದನ್ನ ಲಾಕ್ ಆದ ಚಕ್ರ ಅಂತಲೇ ತಿಳಿದು ಬ್ರೇಕ್ ಸಡಿಲಿಸುತ್ತೆ. ಮುಂದೆ ಬಸ್ಸು ನಿಂತಿರುತ್ತೆ, ನಿಮ್ಮ ಲಿವರ್ ಬಡಬಡ ಅನ್ನುತ್ತೆ, ಗಾಡಿ ಮುಂದೆ ಹೋಗ್ತಾನೇ ಇರುತ್ತೆ. ಸತ್ತ ಶಾಕ್ ಅಬ್ಸಾರ್ಬರನ್ನ ಬರೀ ಬೆನ್ನುನೋವಿನ ವಿಷಯ ಅಂದುಕೊಂಡೋರು ಇದನ್ನ ಒಂದ್ಸಲ ಯೋಚನೆ ಮಾಡಬೇಕು.

ಈ ಅನುಭವವನ್ನ ಕಲಿಯೋಕೆ ದುಬಾರಿ ಗಾಡಿ ಬೇಡ. ಮೊದಲು ತಣ್ಣಗಿರೋ ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ಹಾಕಿಸಿ. ಆಮೇಲೆ ಎರಡು ರೂಪಾಯಿಯ ಕೇಬಲ್ ಟೈ ತಗೊಂಡು, ಮುಂದಿನ ಫೋರ್ಕಿನ ಹೊಳೆಯೋ ಟ್ಯೂಬಿಗೆ ಸೀಲಿಗೆ ತಾಗೋ ಹಾಗೆ ಕಟ್ಟಿ. ದಿನಾ ಹೋಗೋ ದಾರೀಲಿ ಹೋಗಿಬನ್ನಿ. ಫೋರ್ಕ್ ಎಷ್ಟು ಒಳಗೆ ಹೋಗಿತ್ತು ಅಂತ ಟೈ ತೋರಿಸುತ್ತೆ. ದೊಡ್ಡ ಹಂಪಿಗೂ ಅರ್ಧ ದಾಟಿಲ್ಲ ಅಂದರೆ ಗಾಡಿ ನಿಜವಾಗಲೂ ಗಟ್ಟಿ. ಪೂರ್ತಿ ಕೊನೆಗೆ ಹೋಗಿದ್ದರೆ ನೀವು ‘ಸ್ಟಿಫ್’ ಅಂತಿದ್ದದ್ದು ಬಡಿತ.

ಹಿಂದಿನದ್ದಕ್ಕೆ ಟೇಪು, ಒಬ್ಬ ಗೆಳೆಯ ಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ನೇತಾಡುವಾಗ ಆಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೀರಿ. ಇಳಿಸಿ, ಹೆಲ್ಮೆಟ್ ಬ್ಯಾಗು ಸಮೇತ ಕೂತು ಮತ್ತೆ ಅಳೆಸಿ. ವ್ಯತ್ಯಾಸ ಒಟ್ಟು ಟ್ರಾವೆಲಿನ ಮೂರನೇ ಒಂದು ಭಾಗದ ಆಸುಪಾಸು ಬರಬೇಕು. ಇದಕ್ಕೆ ಸ್ಯಾಗ್ ಅಂತಾರೆ. ಬರದಿದ್ದರೆ ಶಾಕಿನ ರಿಂಗ್ ತಿರುಗಿಸಿ. ಒಂದು ನೆನಪಿರಲಿ, ಆ ರಿಂಗ್ ಸ್ಪ್ರಿಂಗನ್ನ ಗಟ್ಟಿ ಮಾಡಲ್ಲ. ಸೆಂಟಿಮೀಟರಿಗೆ ಹತ್ತು ಕಿಲೋ ಬೇಡೋ ಸ್ಪ್ರಿಂಗನ್ನ ಎರಡು ಸೆಂಟಿಮೀಟರ್ ಮೊದಲೇ ಒತ್ತಿಟ್ಟರೆ, ಅಲ್ಲಾಡೋಕೆ ಶುರು ಮಾಡೋದಕ್ಕೆ ಇಪ್ಪತ್ತು ಕಿಲೋ ಬೇಕಾಗುತ್ತೆ, ಆಮೇಲೆ ಮತ್ತೆ ಸೆಂಟಿಮೀಟರಿಗೆ ಹತ್ತೇ ಕಿಲೋ. ನೀವು ಬದಲಾಯಿಸಿದ್ದು ಗಾಡಿ ನಿಲ್ಲೋ ಎತ್ತರವನ್ನ.

ಈಗಿನ ಕೆಲವು ಗಾಡಿಗಳಲ್ಲಿರೋ ಹಾಗೆ ನಿಮ್ಮದರಲ್ಲೂ ಕ್ಲಿಕ್ ಕ್ಲಿಕ್ ಅನ್ನೋ ರಿಬೌಂಡ್ ತಿರುಗಣೆ ಇದ್ದರೆ ನೀವು ಅದೃಷ್ಟವಂತರು. ಗೊತ್ತಿರೋ ರಸ್ತೇಲಿ, ನಿಧಾನ ವೇಗದಲ್ಲಿ, ಒಂದ್ಸಲ ಪೂರ್ತಿ ಬಿಚ್ಚಿ ಹೋಗಿ, ಒಂದ್ಸಲ ಪೂರ್ತಿ ಬಿಗಿದು ಹೋಗಿ. ಪುಟಿಯೋದು ಅಂದರೇನು, ಕುಗ್ಗುತ್ತಾ ಹೋಗೋದು ಅಂದರೇನು ಅಂತ ಅರ್ಧ ಗಂಟೇಲಿ ಮೈಗೆ ಗೊತ್ತಾಗುತ್ತೆ. ಆಮೇಲೆ ಮಧ್ಯದ ಹದ ಹುಡುಕೋದು ಸುಲಭ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೇ ರಸ್ತೆ, ಅದೇ ವೇಗ, ಫೋನಲ್ಲಿ ಒಂದು ಸಾಲು ನೋಟ್. ತಿರುಗಣೆ ಇಲ್ಲದೋರು ಸರ್ವೀಸ್ ಬಿಲ್ ತೆಗೆದು ಫೋರ್ಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ನೋಡಿ. ಎಂಜಿನ್ ಆಯಿಲ್ ಹತ್ತು ಸಲ ಬದಲಾಗಿರುತ್ತೆ, ಇದು ಶೋರೂಮಿಂದ ಬಂದದ್ದೇ ಇರುತ್ತೆ. ಆ ಎಣ್ಣೆ ಸಾಯುತ್ತೆ, ಎಷ್ಟು ನಿಧಾನಕ್ಕೆ ಅಂದರೆ ನಿಮಗೆ ಅಭ್ಯಾಸ ಆಗಿಹೋಗಿರುತ್ತೆ.

ಮುಂದಿನ ಸಲ ಗೆಳೆಯರು ‘ಆ ಗಾಡಿ ಸಸ್ಪೆನ್ಷನ್ ಹೇಗಿದೆ ಗುರು?’ ಅಂತ ಕೇಳಿದರೆ ಸ್ಟಿಫ್, ಪ್ಲಶ್ ಎರಡನ್ನೂ ಪಕ್ಕಕ್ಕಿಡಿ. ನನ್ನ ತೂಕ ಇಷ್ಟು, ಟೈರಲ್ಲಿ ಗಾಳಿ ಇಷ್ಟಿತ್ತು, ಹಂಪಿಗೆ ಕುಕ್ಕುತ್ತೆ ಆದರೆ ಬಡಿಯಲ್ಲ, ಬಿಳಿ ಪಟ್ಟಿ ಮೇಲೆ ಕುಗ್ಗಲ್ಲ, ತಿರುವಲ್ಲಿ ಗೆರೆ ಬಿಡಲ್ಲ ಅಂತ ಹೇಳಿ. ಎರಡು ವಾಕ್ಯದ ಕೆಲಸ. ಅದನ್ನ ಕೇಳಿದೋರು ಗಾಡಿ ತಗೋಬೇಕೋ ಬೇಡ್ವೋ ಅಂತ ನಿರ್ಧಾರ ಮಾಡಬಹುದು. ಅದೇ ಮಾತನ್ನ ಮೆಕ್ಯಾನಿಕ್ ಮುಂದೆ ಹೇಳಿದರೆ, ಅವರು ಸ್ಪ್ಯಾನರ್ ಎಲ್ಲಿಗೆ ಹಾಕಬೇಕು ಅಂತಾನೂ ಗೊತ್ತಾಗುತ್ತೆ.